ನಾನು ‘ಸರ್’ ಆಗಿದ್ದ ದಿನಗಳು

ಹೆಂಡತಿಗೆ ಹೆದರುವ ಗಂಡಂದಿರು ನಮ್ಮ ತಿಕೋಟಾದಲ್ಲಿ ಬೇಕಾದಷ್ಟು ಸಿಗುತ್ತಾರೆ. ಆದರೆ ಹೆಂಡತಿಯನ್ನು ‘ಸರ್’ ಎಂದು ಕರೆಯುತ್ತಿದ್ದವರು ನಮ್ಮ ಮನೆಯವರೊಬ್ಬರೇ! ಅವರು ಮುಂಬಯಿಗೆ ಹೊರಡುವ ಹಿಂದಿನ ದಿನ, ಅದೇ ನಮ್ಮ ಮನೆಯ ಕೊನೆಯ ಮಾಮೂಲಿ ದಿನ, ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಇಸ್ತ್ರಿ ಅಂಗಿ ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಒಳಗ ಬರಲ್ಯಾ ಸರ್?”

“ಬರ್ರಿ. ಬರೂಮುಂದ ಹಿಟ್ಟಿನ ಡಬ್ಬಿ ತರ್ರಿ.”

“ಪರೀಕ್ಷಾ ತಗೊಳ್ಳಾವ್ರು ಹಿಟ್ಟ ಕೇಳೂದಿಲ್ಲ ಸರ್.”

ಅವರು ಹದಿನೈದು ವರ್ಷ ಸರಕು ಹಡಗುಗಳಲ್ಲಿ ಖಲಾಸಿಯಾಗಿದ್ದವರು. ಆಫೀಸರ್ ಆಗಬೇಕೆಂಬ ಹಟ. ಬರೆಯುವ ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದದ್ದು ಬಾಯಿ ಪರೀಕ್ಷೆ. ಅದರಲ್ಲಿ ಎರಡು ಸಲ ನಪಾಸು! ಎದುರಿಗೆ ಕುಳಿತ ಕ್ಯಾಪ್ಟನ್ ಸಾಹೇಬರನ್ನು ಕಂಡರೆ ನಾಲಿಗೆ ಒಣಗುತ್ತದಂತೆ. ಮೂರನೆಯ ಸಲವೂ ಆಗದಿದ್ದರೆ ಆಸೆ ಬಿಡುವುದಾಗಿ ಹೇಳಿದ್ದರು. ಆ ಹೆದರಿಕೆ ಹೋಗಲೆಂದೇ ನನ್ನನ್ನು ಸಾಹೇಬರ ಕುರ್ಚಿಯಲ್ಲಿ ಕೂರಿಸಿದ್ದು. ನಾನೇ ಯಾಕೆ ಎಂದು ಕೇಳಿದ್ದಕ್ಕೆ, “ನಿನಗಿಂತ ಸಿಟ್ಟಿನ ಕ್ಯಾಪ್ಟನ್ ನಾ ಎಲ್ಲಿ ಹುಡುಕ್ಲಿ?” ಎಂದರು.

ನಾನು ಓದಿದ್ದು ಹತ್ತನೆಯವರೆಗೆ. ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಅಕ್ಷರ ತಿಳಿಯುತ್ತಿತ್ತು, ಅರ್ಥ ಮಾತ್ರ ದೇವರಿಗೇ ಗೊತ್ತು.

“ಕತ್ತಲಿ ಐತಿ. ಎದರಿಗೆ ಒಂದ ಹಸರ ದೀಪ ಕಾಣ್ತೈತಿ. ಏನದು?”

“ಹಾಯಿ ಹಡಗಿನ ಬಲಮಗ್ಗಲ ಸರ್.”

“ಮಸೂತಿ ಯಾಕಲ್ಲ?”

“ಸಮುದ್ರದಾಗ ಮಸೂತಿ ಇರೂದಿಲ್ಲ ಸರ್.”

“ಮುಂಬಯಿದಾಗ ನೀವ ತೋರಿಸಿದ್ರಲ್ಲಾ, ನೀರಿನ ನಡುವ ದರ್ಗಾ?”

ಅವರು ತಲೆ ಕೆರೆದುಕೊಂಡರು. ನಾನು ನಪಾಸು ಮಾಡಿದೆ. ನನ್ನದು ಸರಿಯೋ ಅವರದು ಸರಿಯೋ, ಇವತ್ತಿಗೂ ತಿಳಿದಿಲ್ಲ.

ಓದು ಮನೆಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು! ಸಮುದ್ರದಲ್ಲಿ ಎರಡು ಹಡಗು ಅಡ್ಡ ಹಾಯುವಾಗ, ಬಲಗಡೆ ಇರುವ ಹಡಗಿಗೆ ನಾವು ದಾರಿ ಬಿಡಬೇಕಂತೆ. ಬಿಡಲಿ. ಅದಕ್ಕೂ ಹೊನವಾಡದ ರಸ್ತೆಗೂ ಏನು ಸಂಬಂಧ? ಆ ಓದಿನ ದಿನಗಳಲ್ಲೇ ಒಮ್ಮೆ ನನ್ನನ್ನು ತವರಿಗೆ ಕರೆದುಕೊಂಡು ಹೊರಟಿದ್ದರು. ಕ್ರಾಸಿನಲ್ಲಿ ಬಲಗಡೆಯಿಂದ ಬಸ್ಸು ಬಂತು. ಸ್ಕೂಟರ್ ನಿಲ್ಲಿಸಿ ಕೈ ಮಾಡಿದರು. ಡ್ರೈವರನೂ ಸಂಭಾವಿತ, ಅವನೂ ನಿಲ್ಲಿಸಿದ.

“ಹೋಗ್ರಿ ಸಾವಕಾರ್ರ.”

“ಇಲ್ರಿ, ನೀವ ಬಲಕ್ಕದೀರಿ. ನೀವ ಮೊದಲ.”

“ಅಯ್ಯ, ನೀವ ಹೋಗ್ರಿ!”

ಹಿಂದೆ ಎರಡು ಕಬ್ಬಿನ ಟ್ರ್ಯಾಕ್ಟರು ನಿಂತವು. ಬಸ್ಸಿನ ಕಿಟಕಿಯಿಂದ ಅಜ್ಜಿಯೊಬ್ಬಳು ತಲೆ ಹಾಕಿ ಕೇಳಿದಳು: “ಯಪ್ಪಾ, ನೀವಿಬ್ರೂ ಬೀಗರೇನ?”

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಇವರು ಮಾತ್ರ ಗಂಭೀರವಾಗಿ, “ನಿಯಮ ಅಂದ್ರ ನಿಯಮ ಸರ್” ಎಂದರು.

ಮುಂಬಯಿಗೆ ಹೋದ ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು.

“ಪಾಸಾದ್ನಿ ಬೇ! ಇವತ್ತಿನಿಂದ ನೀ ರಿಟೈರ್!”

“ಹಂಗಾರ ನನ್ನ ಪೆನ್ಶನ್?”

“ಪೇಢೆ ತರ್ತೇನಿ, ತಡಿ.”

ತಂದರು. ಓಣಿಗೆಲ್ಲ ತಾವೇ ಹಂಚಿದರು. ಮರುದಿನ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಳಿತರು. ವಿಜಯಪುರದ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಅವರಿಗೆ ಎಷ್ಟೊಂದು ಪ್ರಶ್ನೆ ಕೇಳಿದವಳು ನಾನು. ಮೈಯಲ್ಲಿ ಆರಾಮಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕೆಲವು ವಾರಗಳಾದ ಮೇಲೆ ಅಂಚೆಯಲ್ಲಿ ಅವರ ಪ್ರಮಾಣಪತ್ರ ಬಂತು. ಅದನ್ನು ಬೀರುವಿನಲ್ಲಿಡಬೇಕೋ, ಗೋಡೆಗೆ ಹಾಕಬೇಕೋ, ವಾಪಸು ಕಳಿಸಬೇಕೋ ತಿಳಿಯದೆ ದಿನಾ ಜಾಗ ಬದಲಿಸುತ್ತಿದ್ದೇನೆ. ಹೆಸರು ಸರಿಯಾಗಿದೆ. ಹುದ್ದೆ ಸರಿಯಾಗಿದೆ. ಫೋಟೋ ಅವರದೇ. ಫೋಟೋದ ಕೆಳಗೆ ಅವರ ಸಹಿಗೆಂದು ಜಾಗ ಬಿಟ್ಟಿದ್ದಾರೆ. ಅಲ್ಲಿ ಸಹಿ ಇಲ್ಲ.