ಬೋಲ್ಟು ಹುಡುಕಿಕೊಂಡು ನಾಲ್ಕೂರು

ಹಳೆಯ ಬಂದೂಕು ರಿಪೇರಿ ಮಾಡುವವನಿಗೆ ಬಂದೂಕು ತೊಂದರೆ ಕೊಡುವುದು ಕಡಿಮೆ. ಅದನ್ನು ಹೊತ್ತು ತಿರುಗುವವರು ಕೊಡುವ ತೊಂದರೆಗೆ ಮಾತ್ರ ಕೊನೆಯೇ ಇಲ್ಲ. ಒಂದು ಮುಗಿಯಿತಪ್ಪ ಎಂದು ಕೈ ತೊಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತು ‘ಬರಬಹುದೇನ್ರಿ’ ಅನ್ನುತ್ತಿರುತ್ತದೆ.

ತೊಂಬತ್ತರ ದಶಕದಲ್ಲಿ ನಾನು ವಿಜಾಪುರ ಜಿಲ್ಲೆಯ ಒಂದು ಕಾವಲು ದಳದಲ್ಲಿ ಬಂದೂಕು ಮಿಸ್ತ್ರಿಯಾಗಿದ್ದೆ. ನಮ್ಮದು ಪೊಲೀಸೂ ಅಲ್ಲ, ಮಿಲಿಟರಿಯೂ ಅಲ್ಲ. ಗೋದಾಮು ಕಾಯುವುದು, ಕಾಲುವೆ ಕೆಲಸದ ಸಿಮೆಂಟು ಕಬ್ಬಿಣ ಕಾಯುವುದು, ಹಬ್ಬ ಹುಣ್ಣಿಮೆಗೆ ಬಂದೋಬಸ್ತು. ಈಗ ಆ ದಳವೇ ಇಲ್ಲ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಮಿಲಿಟರಿಯವರು ಸಾಕೆಂದು ಬಿಟ್ಟ ಬಂದೂಕು ಪೊಲೀಸರಿಗೆ ಹೋಗುತ್ತಿತ್ತು, ಪೊಲೀಸರು ಸಾಕೆಂದು ಬಿಟ್ಟದ್ದು ನಮಗೆ ಬರುತ್ತಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ನಾಲ್ಕು ಕಡೆ ನಮ್ಮ ಚೌಕಿ. ಚೌಕಿಗೊಬ್ಬ ಹವಾಲ್ದಾರ, ಅವನ ಕೈಯಲ್ಲೊಂದು ಬಂದೂಕು.

ಓದುವವರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಂದೂಕಿನ ಹಿಂಬದಿಯಲ್ಲಿ ಉಕ್ಕಿನ ಬೋಲ್ಟು ಇರುತ್ತದೆ, ಬಾಗಿಲಿನ ಅಗಳಿ ಇದ್ದಂತೆ. ಗುಂಡು ಮದ್ದು ತುಂಬಿದ ತೋಟಾ ತನ್ನ ಗೂಡಿನಲ್ಲಿ ಕೂತ ಮೇಲೆ ಈ ಅಗಳಿ ಹಾಕಬೇಕು. ತೋಟಾಕ್ಕೂ ಅಗಳಿಗೂ ನಡುವೆ ಸಂದು ಹೆಚ್ಚಾದರೆ ಗುಂಡು ಮುಂದಿನವನಿಗೆ, ಬೆಂಕಿ ಹಿಂದಿನವನಿಗೆ. ಅದಕ್ಕೇ ಪ್ರತಿ ಬಂದೂಕಿಗೂ ಅದರದೇ ಬೋಲ್ಟು, ಎರಡರ ಮೇಲೂ ಒಂದೇ ನಂಬರು. ಒಂದರದು ಇನ್ನೊಂದಕ್ಕೆ ಹಾಕಕೂಡದು. ಇಷ್ಟು ತಿಳಿದರೆ ಸಾಕು. ಮುಂದಿನದು ಬಹಳ ದಿನ ನನಗೂ ತಿಳಿಯಲಿಲ್ಲ.

೧. ಕುಸುಬಿ ಎಣ್ಣೆ

ಬಾಗೇವಾಡಿ ಚೌಕಿಯ ಹವಾಲ್ದಾರರು ಮಸೂತಿ ಎಂಬ ಊರಿನವರು. ಆ ತಿಂಗಳ ಕೊನೆಗೆ ನಿವೃತ್ತಿ. ಬಂದೂಕನ್ನು ಸರಿಯಾಗಿ ಒಪ್ಪಿಸಿ ಮರ್ಯಾದೆಯಿಂದ ಊರಿಗೆ ಹೋಗಬೇಕು ಎಂಬುದೊಂದೇ ಅವರ ಆಸೆ. ಅದಕ್ಕಾಗಿಯೇ ನನ್ನನ್ನು ಕರೆಸಿದ್ದರು.

ನಾನು ಹೋಗಿ ಬೋಲ್ಟು ಎಳೆದೆ. ಬರಲಿಲ್ಲ. ಎರಡೂ ಕೈ ಹಾಕಿದೆ. ಬರಲಿಲ್ಲ. ಕೊನೆಗೆ ಹವಾಲ್ದಾರರು ಬಂದೂಕನ್ನು ಅಪ್ಪಿಕೊಂಡು ಕೂತು, ನಾನು ಗೋಡೆಗೆ ಕಾಲು ಕೊಟ್ಟು ಎಳೆದಾಗ ‘ಪಚಕ್’ ಎಂದು ಬಂತು. ಒಳಗೆ ತೋಟಾ ಕೂರುವ ಗೂಡಿನ ತುಂಬ ಹಳದಿ ಅಂಟು. ಅಂಟಿನಲ್ಲಿ ಕುಂಕುಮ. ಕುಂಕುಮದಲ್ಲಿ ಚೆಂಡು ಹೂವಿನ ಎಸಳು.

“ಏನ್ ಹಚ್ಚೀರಿ ಹವಾಲ್ದಾರ್ರ ಇದಕ್ಕ?”

“ಕುಸುಬಿ ಎಣ್ಣಿರಿ. ನಮ್ಮ ಹೊಲದ ಕುಸುಬಿ, ಗಾಣದಾಗ ತಗಸಿದ್ದು.”

“ಬಂದೂಕಕ್ಕ ಯಾರರ ಅಡಗಿ ಎಣ್ಣಿ ಹಚ್ತಾರೇನ್ರಿ?”

“ಛೇ ಛೇ, ಅಡಗೀಗಿ ಅಂಗಡಿ ಎಣ್ಣಿ ತರ್ತೇವ್ರಿ. ಈ ಛಲೋದು ಇದಕ್ಕಂತನ ತಗದಿಟ್ಟೇನಿ.”

ಸೀಮೆ ಎಣ್ಣೆ, ಬ್ರಷ್ಷು, ಚಿಂದಿ ಬಟ್ಟೆ ಹಾಕಿ ಉಜ್ಜಿ ಉಜ್ಜಿ ಗೂಡು ಬೆಳ್ಳಗೆ ಮಾಡಿದೆ. ಆಮೇಲೆ ಗೇಜು ಹಾಕಿ ಸಂದು ನೋಡಿದೆ. ಫೇಲು. ಬೋಲ್ಟಿನ ನಂಬರು ನೋಡಿದೆ, ಬಂದೂಕಿನ ನಂಬರು ನೋಡಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ.

ವಿಚಾರಿಸಿದಾಗ ಕಥೆ ಹೊರಬಿತ್ತು. ದಸರೆಯ ಬಂದೋಬಸ್ತಿಗೆ ನಾಲ್ಕೂ ಚೌಕಿಯ ಹವಾಲ್ದಾರರು ಬಾಗೇವಾಡಿಯಲ್ಲಿ ಸೇರಿದ್ದರು. ಖಂಡೇ ನವಮಿಗೆ ನಾಲ್ಕೂ ಬಂದೂಕು ಗೋಡೆಗೆ ಒರಗಿಸಿ, ಬೋಲ್ಟುಗಳನ್ನು ಬಿಚ್ಚಿ ಪರಾತವೆಂಬ ಒಂದೇ ದೊಡ್ಡ ತಟ್ಟೆಯಲ್ಲಿಟ್ಟು ಆಯುಧ ಪೂಜೆ ಮಾಡಿದ್ದರು. ಮರುದಿನ ಬನ್ನಿ ಹಂಚಿಕೊಂಡು, ‘ಬಂಗಾರ ತಗೊಂಡು ಬಂಗಾರದ್ಹಂಗ ಇರೂಣು’ ಎಂದು ತಬ್ಬಿಕೊಂಡು, ಬಸ್ಸು ತಪ್ಪೀತೆಂದು ಓಡಿದ್ದರು.

“ಬೋಲ್ಟ್ ಬದ್ಲಾಗ್ಯಾವ್ರಿ” ಎಂದೆ.

“ಎಲ್ಲಾರೂ ತಮ್ಮತಮ್ಮದ ತಗೊಂಡಂಗಿತ್ತ್ರಿ” ಎಂದರು ಹವಾಲ್ದಾರರು, ಗಡ್ಡ ಕೆರೆಯುತ್ತ. ಉಳಿದ ಮೂರು ಚೌಕಿಗೆ ಫೋನು ಮಾಡಿದರೆ ಮೂವರೂ ಆಣೆ ಮಾಡಿ ‘ನಮ್ಮದು ನಮ್ಮಲ್ಲೇ ಐತಿ’ ಎಂದರು. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಅದನ್ನೇ.

ಹವಾಲ್ದಾರರ ಮುಖ ಸಣ್ಣದಾಯಿತು. “ಮಿಸ್ತ್ರೇರ, ಮಸೂತಿಗೆ ಹ್ವಾದ ಮ್ಯಾಲ ಮಂದಿ ಏನಂತಾರ? ಇಷ್ಟ್ ವರ್ಷ ಸರಕಾರದ ಸಾಮಾನು ಕಾದಾವ ತನ್ನ ಬಂದೂಕಿನ ಬೋಲ್ಟ್ ಕಾಯ್ಲಿಲ್ಲ ಅಂತಾರ.” ನನಗೆ ಕನಿಕರವಾಯಿತು. ಮೂರೂ ಊರು ಸುತ್ತಿ ಹುಡುಕೋಣ ಎಂದೆ. “ಅದಿರ್ಲಿ, ಬೋಲ್ಟ್ ಯಾಕ ಬಿಚ್ಚಿದ್ರಿ?”

“ಮಂಗಳಾರತಿ ಮುಂದ ಎಲ್ಲಿಯರ ಢಂ ಅಂದ್ರ? ದೇವರೂ ಅಂಜ್ತಾನ್ರಿ.”

೨. ಕೌದಿಯಲ್ಲಿ ಸುತ್ತಿದ್ದು

ಹೊಂದುವ ಬೋಲ್ಟು ಸಿಕ್ಕಿದರೆ ಅಲ್ಲಿಯೇ ಹಾಕಿ ನೋಡಬೇಕಲ್ಲ, ಹಾಗಾಗಿ ಬಂದೂಕನ್ನೂ ಕರೆದುಕೊಂಡು ಹೊರಟೆವು. ಮಂದಿ ಗಾಬರಿಯಾಗಬಾರದು ಎಂದು ಹವಾಲ್ದಾರರು ಅದನ್ನು ಮನೆಯಲ್ಲಿ ಹೊದೆಯುವ ಕೌದಿಯಲ್ಲಿ ಸುತ್ತಿದ್ದರು. ಯೂನಿಫಾರ್ಮು ಹಾಕಿದ ಮನುಷ್ಯ ಕೌದಿಯನ್ನು ಎದೆಗವಚಿಕೊಂಡು ಕೂತರೆ ಮಂದಿ ಗಾಬರಿಯಾಗದೆ ಇನ್ನೇನು ಮಾಡುತ್ತಾರೆ? ಮುದ್ದೇಬಿಹಾಳದ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿ ಬಹಳ ಹೊತ್ತು ನೋಡಿ ನೋಡಿ ಕೇಳಿದಳು.

“ಏನೈತೋ ಯಪ್ಪಾ ಅದರಾಗ? ಕೂಸೇನು?”

“ಬಂದೂಕ ಐತಿ ಆಯಿ.”

ಮುದುಕಿ ಸರಿದು ಕೂತಳು. “ಹಂಗಾದ್ರ ಅದರ ಮಾರಿ ಕಿಡಿಕಿ ಕಡೆ ಹಿಡಿಯೋ ಮಾರಾಯ.”

“ಏನೂ ಆಗಂಗಿಲ್ಲ ಆಯಿ. ಅದರ ಬೋಲ್ಟ್ ಕಳದೈತಿ. ಗುಂಡ ಹಾರೂದಿಲ್ಲ.”

ಮುದುಕಿ ಮತ್ತೆ ಮೊದಲಿನ ಜಾಗಕ್ಕೆ ಬಂದು ಆರಾಮಾಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೌದಿಯನ್ನೇ ಮುಟ್ಟಿ ನೋಡಿ ಹೇಳಿದಳು: “ಕೌದಿ ಭಾಳ ಛಲೋ ಹೊಲದಾರ. ಆ ಕಟಿಗಿ ಇಲ್ಲೇ ಒಗದು ಇದನ್ನಷ್ಟ ಮನಿಗಿ ಒಯ್ಯಿ.”

೩. ಮುದ್ದೇಬಿಹಾಳದ ಪರೀಕ್ಷೆ

ಮುದ್ದೇಬಿಹಾಳದ ಹವಾಲ್ದಾರ ಗರಡಿ ಮನೆಯ ಆಳು. ಅವನ ಬೋಲ್ಟಿನ ನಂಬರು ನಮಗೆ ಹೊಂದಲಿಲ್ಲ. ವಿಚಿತ್ರವೆಂದರೆ ಅವನ ಬಂದೂಕಿಗೂ ಹೊಂದಲಿಲ್ಲ. ಬಂದ ಮೇಲೆ ಅವನ ಬಂದೂಕನ್ನೂ ಪರೀಕ್ಷಿಸಿ ಬಿಡೋಣ ಎಂದು ಗೇಜಿನ ಪೆಟ್ಟಿಗೆ ತೆಗೆದೆ.

ಅದರಲ್ಲಿ ತೋಟಾದ ಆಕಾರದ ಎರಡು ಉಕ್ಕಿನ ತುಂಡು ಇರುತ್ತವೆ. ಸಣ್ಣದನ್ನು ಹಾಕಿದರೆ ಬೋಲ್ಟು ಮುಚ್ಚಬೇಕು. ದೊಡ್ಡದನ್ನು ಹಾಕಿದರೆ ಮುಚ್ಚಬಾರದು, ಮುಚ್ಚಿದರೆ ಸಂದು ಹೆಚ್ಚಾಗಿದೆ ಎಂದರ್ಥ. ಸಣ್ಣದು ಹಾಕಿದೆ, ಮುಚ್ಚಿತು. ದೊಡ್ಡದು ಹಾಕಿದೆ, ಮುಚ್ಚಲಿಲ್ಲ. ನಂಬರು ಹೇಗಾದರೂ ಇರಲಿ, ಸಂದು ಸರಿ ಇದೆಯಲ್ಲ ಎಂದು ಸಮಾಧಾನದಿಂದ ಚಹಾಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಬೆನ್ನ ಹಿಂದೆ ‘ಧಡಲ್’ ಎಂದಿತು.

ತಿರುಗಿ ನೋಡಿದರೆ ಪೈಲ್ವಾನ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾನೆ. “ಮುಚ್ಚಿದ್ನಿ ನೋಡ್ರಿ! ನಿಮಗ ಆಗಿರಲಿಲ್ಲ.”

“ಅಯ್ಯೋ, ಅದು ಮುಚ್ಚಬಾರದಾಗಿತ್ತೋ!”

“ಮುಚ್ಚಬಾರದ್ದನ್ನ ಯಾಕ ಹಾಕಿದ್ರಿ ಮತ್ತ?”

ಗೇಜು ಒಳಗೆ ಸಿಕ್ಕಿಕೊಂಡು ಕೂತಿತ್ತು. ಅದನ್ನು ಹೊರಗೆ ತೆಗೆಯುವುದರೊಳಗೆ ಚಹಾ ಆರಿ, ಮತ್ತೊಮ್ಮೆ ಕಾಸಿ, ಅದೂ ಆರಿತು. ಎಳೆಯುತ್ತಲೇ ಅವನಿಗೆ ಇನ್ನೊಮ್ಮೆ ಬಿಡಿಸಿ ಹೇಳಿದೆ: ದೊಡ್ಡದು ಮುಚ್ಚಲಿಲ್ಲವೆಂದರೆ ಪಾಸು, ಮುಚ್ಚಿತೆಂದರೆ ನಪಾಸು. ಅವನು ನಿಟ್ಟುಸಿರು ಬಿಟ್ಟ.

“ಕೆಲಸ ಆಗ್ಲಿಲ್ಲಂದ್ರ ಪಾಸು! ಇಂಥಾ ಪರೀಕ್ಷಾ ನಮ್ಮ ಸಾಲ್ಯಾಗ ಇದ್ದಿದ್ರ ನಾ ಇವತ್ತ ಸಾಹೇಬ ಆಗಿರ್ತಿದ್ನಿರಿ.”

೪. ಸಿಂದಗಿಯ ಕಾಣಿಕೆ

ಸಿಂದಗಿಯ ಹವಾಲ್ದಾರ ಮೋರಟಗಿ ಕಡೆಯವನು, ಮೃದು ಮಾತಿನ ಮನುಷ್ಯ. ನಾವು ಬಾಗಿಲಲ್ಲಿ ಕಾಲಿಡುವಾಗಲೇ, “ಚಿಂತಿ ಬ್ಯಾಡ್ರಿ, ನೀವು ಫೋನ್ ಮಾಡಿದ ಮ್ಯಾಲ ನಂಬರ್ ಹೊಂದಿಸಿ ಇಟ್ಟೇನಿ” ಎಂದ. ನಂಬರು ಹೊಂದಿಸುವುದು ಎಂದರೇನು ಎಂದು ನನಗೆ ಹೊಳೆಯಲಿಲ್ಲ. ಬೋಲ್ಟು ಕೈಗೆ ತೆಗೆದುಕೊಂಡೆ.

ಅದರ ಮೇಲೆ ಎರಡು ನಂಬರು ಇದ್ದವು. ಒಂದು ಕಾರಖಾನೆಯಲ್ಲಿ ಒತ್ತಿದ ಹಳೆಯ ನಂಬರು. ಇನ್ನೊಂದು ಹೊಸದಾಗಿ ಚುಕ್ಕಿ ಚುಕ್ಕಿಯಾಗಿ ಕೊರೆದದ್ದು, ಅವನ ಬಂದೂಕಿನದು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ‘ನೂತನ ವಧು-ವರರಿಗೆ ಪ್ರೀತಿಯ ಕಾಣಿಕೆ’ ಎಂದಿತ್ತು.

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಅದೇ ಇತ್ತು.

“ಬಾಂಡೆ ಅಂಗಡ್ಯಾಗ ಪಾತ್ರಿ ಮ್ಯಾಲ ಹೆಸರ ಕೊರಿಯಾವನ ಕಡೆ ಕೊರಸಿದ್ನಿರಿ” ಎಂದ ಅವನು. “ನಂಬರ್ ಅಷ್ಟ ಹಾಕು ಅಂದಿದ್ನಿ. ಲಗ್ನದ ಹಂಗಾಮು ನೋಡ್ರಿ, ಅವನ ಕೈ ನಿಲ್ಲಲಿಲ್ಲ. ಪಾಪ, ಉಕ್ಕು ಗಟ್ಟಿ ಅಂತ ಬೈಕೋತನ ಬರದ.”

ಬಾಗೇವಾಡಿ ಹವಾಲ್ದಾರರು ಬೋಲ್ಟನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹಳೆಯ ನಂಬರೂ ಅವರದಲ್ಲ, ಹೊಸದೂ ಅವರದಲ್ಲ. ಅವರ ಕಣ್ಣಲ್ಲಿ ನೀರಾಡಿತು. ನನಗೂ ತಲೆ ಗಿರ್ ಎಂದಿತು. “ಹೊಸಾದು ಹಾಕಿದ ಮ್ಯಾಲ ಹಳೇದ್ಯಾಕ ಉಳಿಸೀರಿ?” ಎಂದು ಕೇಳಿದೆ, ಕೇಳಬಾರದಾಗಿತ್ತು.

“ಎರಡೂ ಇರ್ಲಿ ಬಿಡ್ರಿ. ತಪಾಸಣಿಗೆ ಯಾರರ ಬಂದ್ರ ಯಾವದರ ಒಂದು ಹೊಂದತೈತಿ.”

೫. ಇಂಡಿಯ ಲಿಂಬೆಹಣ್ಣು

ಉಳಿದದ್ದು ಇಂಡಿ ಒಂದೇ. ಬಸ್ಸಿನಲ್ಲಿ ಹವಾಲ್ದಾರರು ಕೌದಿಯ ಹೊಲಿಗೆ ಎಣಿಸುತ್ತ ಕೂತಿದ್ದರು. ಅಲ್ಲಿಯೂ ಸಿಗದಿದ್ದರೆ ವಿಚಾರಣೆ, ಅದಕ್ಕಿಂತ ಹೆಚ್ಚಾಗಿ ಮಸೂತಿಯ ಕಟ್ಟೆಯ ಮೇಲಿನ ಮಾತು.

ಇಂಡಿಯ ಹವಾಲ್ದಾರ ಬೋಲ್ಟು ತಂದು ಮೇಜಿನ ಮೇಲಿಟ್ಟ. ನಂಬರು ಓದಿದೆ. ಬಂದೂಕಿನ ನಂಬರು ಓದಿದೆ. ಒಂದೇ! ಹಾಕಿ ನೋಡಿದೆ, ಬೆಣ್ಣೆಯ ಹಾಗೆ ಕೂತಿತು. ಸಣ್ಣ ಗೇಜಿಗೆ ಮುಚ್ಚಿತು, ದೊಡ್ಡದಕ್ಕೆ ಮುಚ್ಚಲಿಲ್ಲ. ನಮ್ಮ ಹವಾಲ್ದಾರರು ಬಂದೂಕನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟರು.

ಇಂಡಿಯವನು ಮಾತ್ರ ಪಿಳಿಪಿಳಿ ನೋಡುತ್ತಿದ್ದ. “ಅದು ನಂದ ಅಲ್ರಿ?”

“ನಂಬರ್ ನೋಡ್ರಿ. ಈ ಬಂದೂಕಿಂದು ಇದು. ನಿಮ್ಮ ಬಂದೂಕಿಗೆ ಹೊಂದತೈತೇನು?”

“ಇಲ್ರಿ.”

“ಮತ್ತ?”

“ಹಂಗಾದ್ರ ನಂದಲ್ಲೇನೋ” ಎಂದು ತಲೆ ಕೆರೆದುಕೊಂಡು ಒಪ್ಪಿದ. ಬರಿಗೈಲಿ ಬಿಡಬಾರದೆಂದು ನಮ್ಮ ಹವಾಲ್ದಾರರು ತಮ್ಮಲ್ಲಿದ್ದ ಬೋಲ್ಟನ್ನು ಅವನಿಗೆ ಕೊಟ್ಟರು. ಅವನದು ಸಿಗುವವರೆಗೆ ಇರಲಿ, ಗುಂಡು ಮಾತ್ರ ಹಾರಿಸಬೇಡ ಎಂದು ನಾನು ಎಚ್ಚರಿಸಿದೆ. ಇಂಡಿಯವನು ತೋಟದಿಂದ ತಂದ ದೊಡ್ಡದೊಂದು ಲಿಂಬೆಹಣ್ಣನ್ನು ಬಂದೂಕಿಗೆ ನಿವಾಳಿಸಿ, ಚೌಕಿಯ ಮುಂದೆ ಕತ್ತರಿಸಿ, ನಮ್ಮನ್ನು ಕಳಿಸಿಕೊಟ್ಟ. ಉಳಿದ ಲಿಂಬೆಹಣ್ಣುಗಳನ್ನು ಕೌದಿಯಲ್ಲಿ ಕಟ್ಟಿಕೊಟ್ಟ.

“ಇವೂ ನಿವಾಳಿಸೂವೇನ್ರಿ?” ಎಂದೆ.

“ಅಲ್ರಿ, ಇವು ಉಪ್ಪಿನಕಾಯಿಗಿ. ಎಲ್ಲಾ ಬಂದೂಕಿಗೇ ಹಾಕಿದ್ರ ಮನ್ಯಾಗ ಏನ್ ತಿನ್ನೂದು?”

೬. ಒಪ್ಪಿಸುವ ದಿನ

ತಿಂಗಳ ಕೊನೆಯ ದಿನ ಜಿಲ್ಲಾ ಕಚೇರಿಯಿಂದ ಸಾಹೇಬರು ಬಾಗೇವಾಡಿಗೆ ಬಂದರು. ಮೈಸೂರು ಕಡೆಯವರು, ಮಾತು ನಿಧಾನ. ಹವಾಲ್ದಾರರು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ನಿಂತಿದ್ದರು. ಹೊರಗೆ ಮಸೂತಿಯಿಂದ ಬಂದ ಬೀಗರು ಬಿಜ್ಜರು ಹಾರ ಹಿಡಿದುಕೊಂಡು ಕಾಯುತ್ತಿದ್ದರು.

ಸಾಹೇಬರು ಬೋಲ್ಟಿನ ನಂಬರು ಓದಿದರು. ಬಂದೂಕಿನ ನಂಬರು ಓದಿದರು. “ಹೊಂದುತ್ತದೆ” ಎಂದರು. ನಾನು ಗೇಜು ಹಾಕಿ ತೋರಿಸಿದೆ. “ಬಹಳ ಚೆನ್ನಾಗಿದೆ” ಎಂದರು. ಹವಾಲ್ದಾರರು ನನ್ನ ಕಡೆ ನೋಡಿ ಕಣ್ಣಲ್ಲೇ ನಮಸ್ಕಾರ ಮಾಡಿದರು. ಆಗ ಸಾಹೇಬರು ಹುಬ್ಬು ಗಂಟಿಕ್ಕಿದರು.

“ಆದರೆ ಹವಾಲ್ದಾರ್, ಈ ನಂಬರಿನ ಬಂದೂಕು ನಾವು ಇಂಡಿ ಚೌಕಿಗೆ ಕೊಟ್ಟದ್ದಲ್ಲವೇ?”

ಯಾವ ಬಂದೂಕು ಯಾವ ಊರಿಗೆ ಎಂಬುದು ಕಚೇರಿಯವರ ಕೆಲಸ, ಬಂದೂಕು ಬೋಲ್ಟು ಹೊಂದುತ್ತವೆಯೇ ಎಂಬುದು ನನ್ನದು. ಈಗ ನಿಧಾನವಾಗಿ ನನಗೆ ಬೆಳಕಾಯಿತು. ಪರಾತದಿಂದ ಎಲ್ಲರೂ ತಮ್ಮತಮ್ಮ ಬೋಲ್ಟನ್ನೇ ತೆಗೆದುಕೊಂಡಿದ್ದರು. ಬದಲಾದದ್ದು ಬಂದೂಕುಗಳು! ನಾಲ್ವರೂ ಗೋಡೆಗೆ ಒರಗಿಸಿದ್ದರಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಸ್ಸು ಹತ್ತಿದ್ದರು. ಹವಾಲ್ದಾರರ ಸ್ವಂತ ಬಂದೂಕು ಆ ಮೂರು ಚೌಕಿಗಳಲ್ಲಿ ಎಲ್ಲೋ ಒಂದು ಕಡೆ ಇತ್ತು, ನಾವು ಅದರ ಪಕ್ಕದಲ್ಲೇ ಕೂತು ಚಹಾ ಕುಡಿದು ಎದ್ದು ಬಂದಿದ್ದೆವು. ಅವರ ಸ್ವಂತ ಬೋಲ್ಟು ಮೊದಲಿನಿಂದಲೂ ಅವರ ಹತ್ತಿರವೇ ಇತ್ತು. ಅದನ್ನು ಊರೂರು ಸುತ್ತಿಸಿ ಇಂಡಿಯವನ ಕೈಗೆ ಕೊಟ್ಟು ಬಂದಿದ್ದೆವು.

“ತೆಗೆದುಕೊಳ್ಳುವಾಗ ಬಂದೂಕಿನ ನಂಬರು ನೋಡಲಿಲ್ಲವೇ?” ಎಂದರು ಸಾಹೇಬರು.

“ಬೋಲ್ಟ್ ನೋಡೇ ತಗೊಂಡೇವ್ರಿ. ಸಣ್ಣ ಸಾಮಾನು, ಬದ್ಲಾಗ್ತೈತಿ ಅಂತ. ಬಂದೂಕ ಇಷ್ಟುದ್ದ ಐತಿ, ಅದೆಲ್ಲಿ ಬದ್ಲಾಗ್ತೈತಿ ಅಂತ ಬಿಟ್ಟೇವ್ರಿ.”

“ಈಗ ನಿಮ್ಮ ಬಂದೂಕು ಎಲ್ಲಿ?”

“ಗೊತ್ತಿಲ್ರಿ.”

“ನಿಮ್ಮ ಬೋಲ್ಟು?”

“ಇಂಡ್ಯಾಗ್ರಿ.”

“ನಿಮ್ಮದು ಅಂತ ಇಲ್ಲಿ ಏನಿದೆ?”

“ಕೌದಿ ಐತ್ರಿ.”

ಸಾಹೇಬರು ಕುರ್ಚಿಯಲ್ಲಿ ಕುಸಿದರು. ಸಂಜೆಯಾಗುತ್ತಿತ್ತು. ಹೊರಗೆ ಹಾರ ಹಿಡಿದವರು ಕಿಟಕಿಯಿಂದ ಇಣುಕುತ್ತಿದ್ದರು. ನಾನು ಗೇಜಿನ ಪೆಟ್ಟಿಗೆ ಮುಚ್ಚುವುದೋ ತೆರೆಯುವುದೋ ತಿಳಿಯದೆ ಹಿಡಿದುಕೊಂಡು ನಿಂತಿದ್ದೆ. ಹವಾಲ್ದಾರರು ಒಮ್ಮೆ ಕಿಟಕಿಯ ಕಡೆ ನೋಡಿದರು, ಒಮ್ಮೆ ಬಂದೂಕಿನ ಕಡೆ ನೋಡಿದರು. ಆಮೇಲೆ ಎದೆ ಸೆಟೆಸಿ, ಕಾಲು ಜೋಡಿಸಿ, ಸಲಾಂ ಹೊಡೆದು ಹೇಳಿದರು:

“ಸಾಹೇಬ್ರ, ಬಂದೂಕ ಇಂಡಿದೈತಿ, ಬೋಲ್ಟ್ ಇಂಡಿದೈತಿ, ಎರಡೂ ಭೇಷ್ ಹೊಂದ್ಯಾವು. ಹೊಂದಲಾರದಾವ ಅಂದ್ರ ನಾ ಒಬ್ನ. ಸಂಜಿತನಾ ನನ್ನ ಇಂಡಿಗೆ ವರ್ಗಾ ಮಾಡಿಬಿಡ್ರಿ, ಎಲ್ಲಾ ಬರೋಬರಿ ಆಗ್ತೈತಿ!”

ಸಾಹೇಬರು ಟೋಪಿ ತೆಗೆದು ಮುಖ ಮುಚ್ಚಿಕೊಂಡು ನಕ್ಕರು. ನಗು ನಿಂತ ಮೇಲೆ ಎದ್ದು ಹೋಗಿ ಹೊರಗಿನ ಹಾರಗಳಲ್ಲಿ ಒಂದನ್ನು ತಾವೇ ಇಸಿದುಕೊಂಡು ಬಂದು ಹವಾಲ್ದಾರರ ಕೊರಳಿಗೆ ಹಾಕಿದರು. “ವರ್ಗಾವಣೆ ಬೇಡ, ಊರಿಗೆ ಹೋಗಿ. ಬಂದೂಕುಗಳನ್ನು ನಾವು ವರ್ಗ ಮಾಡುತ್ತೇವೆ” ಎಂದರು.