ಬರಜಿಲ್ಲೆಗೆ ಹೊರಟ ನಮ್ಮ ಭಾವ

ಪರದೇಶ ಪ್ರಯಾಣಕ್ಕೆ ನಮ್ಮ ಭಾವನಷ್ಟು ಅಚ್ಚುಕಟ್ಟಾಗಿ ಸಿದ್ಧತೆ ಮಾಡಿಕೊಂಡವರು ಇಡೀ ಮೈಸೂರು ಸಂಸ್ಥಾನದಲ್ಲಿ ಇನ್ನೊಬ್ಬರಿರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ನಮ್ಮ ಮಹಾರಾಜ ಖಾವಂದರು ಇಂಗ್ಲೆಂಡ್ ಸೀಮೆಗೆ ಹೊರಟಾಗಲೂ ಅರಮನೆಯಲ್ಲಿ ಇಷ್ಟು ಗಲಾಟೆ ನಡೆದಿರಲಾರದು! ಅವರಿಗಾದರೆ ದಿವಾನರಿದ್ದರು, ದೊಡ್ಡ ಪರಿವಾರವಿತ್ತು. ನಮ್ಮ ಭಾವನಿಗೆ ಇದ್ದದ್ದು ನಮ್ಮ ಅಕ್ಕ ಒಬ್ಬಳೇ, ಅವಳೂ ವಿರೋಧ ಪಕ್ಷ.

ಭಾವನ ಊರು ಕೊಡಿಗೇನಹಳ್ಳಿಯಿಂದ ಆಚೆ, ಪಾವಗಡದ ದಿಕ್ಕಿಗೆ. ನಾನಾಗ ಮಧುಗಿರಿಯಲ್ಲಿ ಮೇಷ್ಟ್ರು. ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತಿದ್ದ ನನಗೆ ಭಾವನ ಭೂಗೋಳ ಕಂಡರೆ ಹೊಟ್ಟೆಕಿಚ್ಚು, ಅಷ್ಟು ಸುಲಭ! ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿದರೆ ಪ್ರಪಂಚ ಮುಗಿಯಿತು. ಉಳಿದದ್ದೆಲ್ಲ ‘ಆ ಕಡೆ’. ತುಮಕೂರೂ ಆ ಕಡೆ, ಲಂಡನ್ನೂ ಆ ಕಡೆ. ಬೆಂಗಳೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆಯಾದಾಗ, “ಅಷ್ಟು ದೂರ ಯಾವನು ಓಗ್ತಾನೆ?” ಎಂದು ಮನೆಯಲ್ಲೇ ಪಾಯಸ ಮಾಡಿಸಿಕೊಂಡು ಉಂಡು, ಜಗಲಿಯ ಮೇಲೆ ನಿಂತು ದಕ್ಷಿಣಕ್ಕೆ ತಿರುಗಿ ಅಕ್ಷತೆ ಎಸೆದ ಪುಣ್ಯಾತ್ಮರು ಇವರು!

ಇಂಥವರು ಬ್ರೆಜಿಲ್ ದೇಶಕ್ಕೆ ಹೊರಟರು. ನಗಬೇಡಿ, ನಿಜವಾಗಿ ಹೊರಟರು.

ಇದಕ್ಕೆಲ್ಲ ಕಾರಣ ಒಂದು ಹೋರಿ. ಹುಟ್ಟಿದ ದಿನವೇ ತಾಯಿ ತೀರಿಕೊಂಡಿದ್ದ ಕರು ಅದು. ಭಾವ ಕಂಡವರ ಮನೆಯ ಹಸುವಿನ ಹಾಲು ತಂದು ಬಿದಿರಿನ ಗೊಟ್ಟದಲ್ಲಿ ಕುಡಿಸಿ ಬೆಳೆಸಿದ್ದರು. ಬೆಳೆದು ನಿಂತ ಮೇಲೆ ಅದನ್ನು ನೋಡುವುದಕ್ಕೆಂದೇ ಹುಲಿಕುಂಟೆಯಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಆದರೆ ಭಾವನ ಬಾಯಲ್ಲಿ ಅದರ ಬಗ್ಗೆ ಒಂದು ಒಳ್ಳೆಯ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. “ದರಿದ್ರದ್ದು, ತಿಂದು ತಿಂದು ಮನೆ ತೊಳೀತು” ಎಂಬುದೇ ಅದಕ್ಕೆ ದಿನಾ ಬೆಳಗಿನ ಸುಪ್ರಭಾತ.

ಸಿರಾದ ದಲ್ಲಾಳಿ ಸಾಹೇಬರೊಬ್ಬರು ಒಂದು ದಿನ ಬಂದು, ಬ್ರೆಜಿಲ್ಲಿನ ದೊರೆಗಳು ತಳಿಗೆಂದು ನಮ್ಮ ಸೀಮೆಯ ಹೋರಿಗಳನ್ನು ಕೊಂಡು ಮದರಾಸಿನಿಂದ ಹಡಗು ಹತ್ತಿಸುತ್ತಿದ್ದಾರೆ ಎಂದರು. ಮನೆಯ ಯಜಮಾನರಾದ ಭಾವನ ಅಣ್ಣ ನಿಂತ ನಿಲುವಿನಲ್ಲೇ ಮಾತು ಕೊಟ್ಟುಬಿಟ್ಟರು. ಅಣ್ಣ ಹಾಕಿದ ಗೆರೆಯನ್ನು ಭಾವ ದಾಟಿದವರಲ್ಲ. ಒಂದೇ ಪ್ರಶ್ನೆ ಕೇಳಿದರಂತೆ.

“ಯಾವೂರಿಗೆ ಸಾಯೇಬ್ರೇ?”

“ಬರಜೀಲ್ ಅಂತ ಮುಲ್ಕು, ಭಾಯ್. ಫಿಕರ್ ಬ್ಯಾಡ. ಹೋರಿ ಜತೆ ಒಬ್ಬ ಆಳು ಹೋದ್ರೂ ಆಯ್ತದೆ. ಎರಡು ಮೂರು ವರ್ಷ ಅಲ್ಲೇ ಇದ್ದು ನೋಡ್ಕೋಬೇಕು. ಖಾನಾ ಗೀನಾ ಎಲ್ಲಾ ಅವರದ್ದೇ.”

“ನಾನೇ ಓಗ್ತೀನಿ” ಎಂದುಬಿಟ್ಟರು ಭಾವ! ಬೆಂಗಳೂರು ದೂರವಾಗಿದ್ದ ಮನುಷ್ಯನಿಗೆ ಬ್ರೆಜಿಲ್ ಯಾವಾಗ ಹಿತ್ತಲಿಗೆ ಬಂತು?

ಮಾರನೆಯ ಬೆಳಿಗ್ಗೆ ಅಕ್ಕ ಮೊದಲ ಬಸ್ಸಿಗೇ ಮಧುಗಿರಿಗೆ ಬಂದಳು. “ನಿಮ್ ಭಾವಂಗೆ ತಲೆ ಕೆಟ್ಟೈತೆ ಕಣೋ. ದನದ ಹಿಂದೆ ಹೆಂಡ್ತಿ ಮಕ್ಕಳನ್ನ ಬುಟ್ಟು ಹೊಂಟವ್ರೆ. ಸಮುದ್ರ ದಾಟಿದೋರು ತಿರುಗಿ ಬಂದದ್ದು ನಮ್ಮೂರಾಗೆ ಯಾರಾದ್ರೂ ಕಂಡವ್ರಾ? ಹೆಂಗಾದ್ರೂ ಮಾಡಿ ನಿಲ್ಸು” ಎಂದು ಅತ್ತಳು. ನಮ್ಮೂರಿನಿಂದ ಸಮುದ್ರ ದಾಟಿದವರೇ ಯಾರೂ ಇಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಭಾವನ ಮನಸ್ಸು ತಿರುಗಿಸುವುದೇ ನನ್ನ ಕೆಲಸವಾಯಿತು.

ಮೊದಲ ಭಾನುವಾರ ಹೋದರೆ, ಭಾವ ಪಾವಗಡದಿಂದ ತೊಗಲಿನ ನೀರಿನ ಚೀಲಗಳನ್ನು ಹೊಲಿಸಿ ತಂದು ಜಗಲಿಯ ತುಂಬ ನೇತುಹಾಕಿದ್ದಾರೆ! “ಇದೇನು ಭಾವ?” ಎಂದೆ.

“ಬರಜಿಲ್ಲೆಗೆ ಓಗೋನು ಬರಿಗೈಲಿ ಓಗ್ಲಾ?”

“ಬರಜಿಲ್ಲೆ ಅಲ್ಲ ಭಾವ, ಬ್ರೆಜಿಲ್.”

“ನಾನೂ ಅದೇ ಕಣಯ್ಯ ಅಂದಿದ್ದು, ಬರಜಿಲ್ಲೆ.”

ನಾಲಿಗೆ ತಿರುಗುವುದಿಲ್ಲ ಪಾಪ ಎಂದುಕೊಂಡು ಬಿಟ್ಟುಬಿಟ್ಟೆ. ಆರು ತಿಂಗಳು ಬಡಿದರೂ ‘ಇಂಗ್ಲೆಂಡ್’ ಎನ್ನದ ಮಕ್ಕಳನ್ನು ಕಂಡವನಿಗೆ ಇದೊಂದು ದೊಡ್ಡ ವಿಷಯವೇ? ನೀರಿನ ಚೀಲವೂ ನನಗೆ ವಿಚಿತ್ರವೆನಿಸಲಿಲ್ಲ. ನಮ್ಮ ಕಡೆಯವರು ಬೀಗರ ಮನೆಗೆ ಹೊರಟರೂ ಮೊದಲು ಕೇಳುವುದು ಆ ಊರಿನ ಬಾವಿಯಲ್ಲಿ ನೀರಿದೆಯೇ ಎಂದು, ಆಮೇಲೆ ಹೆಣ್ಣಿನ ವಿಚಾರ.

ಮುಂದಿನ ವಾರ ನೀರು ಕುಡಿಯುವುದನ್ನು ಬಿಡುವ ಅಭ್ಯಾಸ ಶುರುವಾಗಿತ್ತು. ದಿನಕ್ಕೆ ಎರಡೇ ಚೊಂಬು ನೀರು, ದೇಹ ಪಳಗಬೇಕಂತೆ. ಈ ಕಠಿಣ ವ್ರತದಲ್ಲಿ ಮಜ್ಜಿಗೆ ಲೆಕ್ಕಕ್ಕಿಲ್ಲ, ಎಳನೀರೂ ಲೆಕ್ಕಕ್ಕಿಲ್ಲ, ಅಂಬಲಿಯಂತೂ ಊಟದ ಬಾಬ್ತು! ಹಿಂದೆಂದಿಗಿಂತಲೂ ಹೆಚ್ಚು ಕುಡಿದು ಭಾವ ದಷ್ಟಪುಷ್ಟವಾಗಿದ್ದರು. “ಹೋರಿಗೂ ಅಭ್ಯಾಸ ಮಾಡಿಸಬೇಡವೇ?” ಎಂದು ನಾನು ಕೆಣಕಿದೆ. “ಅದ್ಕೇನ್ ಗ್ರಾಚಾರ? ಇಲ್ಲಿರೋಗಂಟ ಕುಡೀಲಿ ಬುಡು” ಎಂದು ಗದರಿದರು.

ಸಮುದ್ರಯಾನದ ಅಭ್ಯಾಸವೂ ಆಗಬೇಕಲ್ಲ! ಹಡಗಿನಲ್ಲಿ ಹೊಟ್ಟೆ ತೊಳಸುತ್ತದೆ ಎಂದು ಯಾರೋ ಹೆದರಿಸಿದ್ದರು. ಹರಿಗೋಲಿನಲ್ಲಿ ಕೂತು ರೂಢಿ ಮಾಡಿಕೊಳ್ಳೋಣವೆಂದರೆ ಊರಿನ ಕೆರೆಯಲ್ಲಿ ಆಗ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು. ಭಾವ ಯೋಚಿಸಿ, ಬಸ್ಸಿನ ಟಾಪಿನ ಮೇಲೆ ಗಂಟುಮೂಟೆಗಳ ನಡುವೆ ಕೂತು ಕೊಡಿಗೇನಹಳ್ಳಿಯಿಂದ ಮಧುಗಿರಿಗೆ ಬಂದರು. ಆ ರಸ್ತೆಯನ್ನು ಬಲ್ಲವರಿಗೆ ಸಮುದ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಳಿದವರೇ, “ಸಮುದ್ರ ಅಂದ್ರೆ ಇಷ್ಟೇ ಕಣಯ್ಯ, ಏನೂ ಆಗಾಕಿಲ್ಲ” ಎಂದರು. ಅವರಿಗೇನೂ ಆಗಿರಲಿಲ್ಲ ನಿಜ. ಪಕ್ಕದಲ್ಲಿ ಕೂತಿದ್ದ ಹುಣಸೇಹಣ್ಣಿನ ವ್ಯಾಪಾರಿ ಮಾತ್ರ ಭಾವನ ಪಂಚೆಯ ಮೇಲೆ ಎರಡು ಸಲ ತನ್ನ ಬೆಳಗಿನ ಊಟ ಒಪ್ಪಿಸಿದ್ದ.

ರಹದಾರಿಗೆ, ಅಂದರೆ ಪಾಸ್‌ಪೋರ್ಟಿಗೆ, ಫೋಟೋ ಬೇಕೆಂದಾಗ ಹೋರಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. “ಅದೂ ಪರದೇಶಕ್ಕೆ ಓಗ್ತಾ ಇಲ್ವಾ? ಅದ್ಕೆ ರಹದಾರಿ ಬ್ಯಾಡ್ವಾ?” ಅಲ್ಲಾಡಬೇಡಿ ಎಂದು ಫೋಟೋದವನು ಹೇಳಿದ್ದನ್ನು ಪಾಲಿಸಿದ್ದು ಹೋರಿಯೊಂದೇ. ಫೋಟೋದಲ್ಲಿ ಹೋರಿಯ ಮುಖ ಬಹಳ ಗಂಭೀರವಾಗಿ, ಸ್ಪಷ್ಟವಾಗಿ ಬಂದಿತ್ತು. ಪಕ್ಕದಲ್ಲಿ ಒಂದು ಮಬ್ಬು ರುಮಾಲು ಇತ್ತು, ಅದರ ಕೆಳಗಿರುವುದು ನಮ್ಮ ಭಾವ ಎಂದು ನಾನು ಯಾವ ಕಚೇರಿಯಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲವನಾಗಿದ್ದೆ.

ಎಲ್ಲಕ್ಕಿಂತ ದೊಡ್ಡ ವಿದ್ಯೆ ಜಲ ನೋಡುವುದು. ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ನಡೆದರೆ, ನೆಲದೊಳಗೆ ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದಲ್ಲ, ಆ ವಿದ್ಯೆ. ಪಾವಗಡದಿಂದ ಒಬ್ಬ ಮುದುಕನನ್ನು ಗುರುವಾಗಿ ಕರೆಸಿದ್ದರು. ಗುರು ಹಿಂದೆ, ಶಿಷ್ಯ ಮುಂದೆ, ಇಬ್ಬರೂ ಹೊಲವೆಲ್ಲ ಸುತ್ತಿದರೂ ಕಾಯಿ ಮಿಸುಕಲಿಲ್ಲ. ಬೇಸತ್ತು ಭಾವ ಮನೆಯೊಳಗೆ ಬಂದು ಅಡಿಗೆಮನೆಯ ಹೊಸ್ತಿಲು ದಾಟಿದರೋ ಇಲ್ಲವೋ, ಕಾಯಿ ಧಿಗ್ಗನೆ ಎದ್ದಿತು! “ನೀಳ್ಳು! ನೀಳ್ಳು ಉನ್ನಾಯಿ ಸಾಮಿ!” ಎಂದು, ನೀರು ಸಿಕ್ಕಿತೆಂದು ತೆಲುಗಿನಲ್ಲಿ ಕೂಗುತ್ತ ಮುದುಕ ಕುಣಿದಾಡಿದ. ಅಕ್ಕ ಒಲೆಯ ಮುಂದಿನಿಂದ ತಿರುಗಿ ನೋಡಿ, “ಅದು ನಾನು ಹೊತ್ತಾರೆ ಸೇದಿ ತುಂಬ್ಸಿದ ಗುಡಾಣ. ಕುಡಿಯೋದಾದ್ರೆ ಲೋಟ ಅಲ್ಲೈತೆ” ಎಂದಳು.

ನಗುನಗುತ್ತಲೇ ದಿನ ಹತ್ತಿರ ಬಂತು. ನಾಳೆ ಬೆಳಿಗ್ಗೆ ಸಾಹೇಬರ ಲಾರಿ ಬರುತ್ತದೆ ಎನ್ನುವಾಗ ನಾನು ಶಾಲೆಯ ಭೂಪಟ ಸುತ್ತಿಕೊಂಡು ಹೋದೆ. ದೂರ ಕಣ್ಣಿಗೆ ಬಿದ್ದರೆ ಹೆದರಿಯಾದರೂ ನಿಂತಾರು ಎಂಬ ಕೊನೆಯ ಆಸೆ ನನ್ನದು. ಅಕ್ಕ ಆಗಲೇ ಅಳುವುದನ್ನೂ ಬಿಟ್ಟು, ಗಂಡನಿಗೆ ಬುತ್ತಿ ಕಟ್ಟುತ್ತ ಕೂತಿದ್ದಳು. ಜಗಲಿಯ ಮೇಲೆ ಭೂಪಟ ಹರಡಿದೆ.

“ನೋಡಿ ಭಾವ, ನಾವು ಇಲ್ಲಿ. ಇದೆಲ್ಲ ಸಮುದ್ರ. ಇಕೋ, ಇಲ್ಲಿದೆ ಬ್ರೆಜಿಲ್.”

ದೂರವನ್ನು ಅವರು ನೋಡಲೇ ಇಲ್ಲ. ಬಗ್ಗಿ ಬ್ರೆಜಿಲ್ಲಿನ ಮೇಲೆ ಬೆರಳಿಟ್ಟು ಕೇಳಿದರು: “ಅಲ್ಲಿ ಬರ ಬಂದು ಎಷ್ಟ್ ವರ್ಸ ಆಯ್ತು?”

“ಯಾವ ಬರ?”

“ಯಾವ ಬರ ಅಂತೀಯಲ್ಲಯ್ಯ ಮೇಷ್ಟ್ರಾಗಿ! ಹೆಸ್ರೇ ಬರಜಿಲ್ಲೆ. ಬರ ಇಲ್ದೆ ಆ ಹೆಸ್ರು ಇಕ್ಕಿದ್ರಾ?”

ಅಷ್ಟು ದಿನ ಇವರು ‘ಬರಜಿಲ್ಲೆ’ ಅಂದದ್ದು ನಾಲಿಗೆ ತಿರುಗದೆ ಅಲ್ಲ! ಪಾವಗಡದಂಥದ್ದೇ ಇನ್ನೊಂದು ಒಣ ಸೀಮೆ ಸಮುದ್ರದಾಚೆ ಇದೆಯೆಂದು ನಂಬಿ, ಅದಕ್ಕಾಗಿ ಆ ಚೀಲ, ಆ ತೆಂಗಿನಕಾಯಿ!

“ಭಾವ, ಅಲ್ಲಿ ಬರ ಗಿರ ಏನೂ ಇಲ್ಲ. ಈ ಗೆರೆ ಇದೆಯಲ್ಲ, ಇದು ಹೊಳೆ. ಪ್ರಪಂಚದಲ್ಲೇ ಅಷ್ಟು ನೀರು ಹರಿಯೋ ಹೊಳೆ ಇನ್ನೊಂದಿಲ್ಲ. ಹೋರಿಗಳನ್ನು ಬಿಡೋ ಕಡೆ ಆಳೆತ್ತರ ಹುಲ್ಲು.”

“ಬೇಸ್ಗೇಲೂ ನೀರಿರ್ತದಾ?”

“ಬೇಸಿಗೆಯಲ್ಲೂ.”

“ದೇವರಾಣೆಗೂ?”

“ದೇವರಾಣೆಗೂ ಭಾವ.”

ಒಳಗಿನಿಂದ ಅಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು, ನಾನೂ ನಕ್ಕೆ. ಭಾವ ನಗಲಿಲ್ಲ. ಭೂಪಟದ ಮೇಲಿನ ಬೆರಳು ತೆಗೆದು, “ಅಂಗಾದ್ರೆ ನಾನ್ಯಾಕೆ ಓಗ್ಲಿ?” ಎಂದರು. “ಅಣ್ಣ ಮಾತು ಕೊಟ್ಬುಟ್ಟ, ನಿಲ್ಸಾಕೆ ಆಗ್ಲಿಲ್ಲ. ಬಾಯಿಲ್ಲದ್ದು, ಬಾಯಾರಿದ್ರೆ ಯಾರ್ನ ಕೇಳ್ತದೆ? ನಾನಿದ್ರೆ ಎಲ್ಲಾನ ಅಗೆದು ಒಂದು ಗುಟುಕು ಕುಡಿಸ್ತಿದ್ದೆ ಅಂತ ಹೊಂಟಿದ್ದೆ. ಇಲ್ದಿದ್ರೆ ನಂಗೇನು ಕೆಲ್ಸ ಆ ಕಡೆ?”

ಅಕ್ಕ ಬುತ್ತಿಯನ್ನು ಅಲ್ಲೇ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತಳು. ಹೋರಿಯ ಹಿಂದೆ ಗಂಡ ಹೋಗುವನೆಂದು ಅಷ್ಟು ದಿನ ಕುದಿದವಳು, ಅವನು ಹೋಗುವುದಿಲ್ಲವೆಂದು ಗೊತ್ತಾದ ಗಳಿಗೆಯಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಭಾವ ಎದ್ದು ಕೊಟ್ಟಿಗೆಗೆ ಹೋದರು. ಹೋರಿಯ ಕೊರಳ ಕೆಳಗೆ ಜೋಲುವ ಗಂಗೆದೊಗಲಿನ ಮೇಲೆ ಕೈಯಾಡಿಸುತ್ತ ಅವರು ಅಂದದ್ದು ಜಗಲಿಯಲ್ಲಿದ್ದ ನಮಗೂ ಕೇಳಿಸಿತು.

“ಓಗು ನನ್ನಪ್ಪಾ. ಅಲ್ಲಿ ಹೊಳೆ ಐತಂತೆ. ನನ್ನ ನೆನಿಸ್ಕಂಡು ಕೂತ್ಕಾಬ್ಯಾಡ, ಹೊಟ್ಟೆ ತುಂಬ ಕುಡಿ.”