ತಾತನ ಪಾರ್ಟು

ಮಗಳು ನಾಗಲಕ್ಷ್ಮಿಯೂ ಅಳಿಯನೂ ಲಾರಿಗೆ ಸಿಕ್ಕಿ ತೀರಿಕೊಂಡ ಸುದ್ದಿ ಬಂದ ದಿನ ಕೆಲಮಂಗಲದ ಮುತ್ತರಾಯಪ್ಪ ಒಂದು ತಪ್ಪು ಮಾಡಿದ. ಬದುಕುಳಿದ ಮಗುವನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಪೊಲೀಸರು ಕೇಳಿದಾಗ, ಹೆಣ ತರುವ ಗಡಿಬಿಡಿಯಲ್ಲಿ, "ಎರಡು ದಿನ ನೀವೇ ಇಟ್ಕಳಿ ಸಾರ್" ಎಂದು ಹೆಬ್ಬೆಟ್ಟು ಒತ್ತಿಬಿಟ್ಟ. ನಾಲ್ಕು ವರ್ಷದ ಕಲ್ಪನಾ ಕೃಷ್ಣಗಿರಿಯ ಮಕ್ಕಳ ಆಶ್ರಮಕ್ಕೆ ಹೋದಳು. ಕರೆತರಲು ಹೋಗುವಷ್ಟರಲ್ಲಿ ಅಳಿಯನ ಅಣ್ಣ, ಮಗು ತನಗೆ ಸೇರಬೇಕೆಂದು ಕೇಸು ಹಾಕಿದ್ದ. ಎರಡು ದಿನ ಒಂದು ವರ್ಷವಾಯಿತು.

ನಾಳೆ ವರ್ಷದ ತಿಥಿ. ತಾಯಿಯ ಎಡೆಯ ಮುಂದೆ ಮಗು ನಿಂತು ಕೈಮುಗಿಯಬೇಕೆಂಬುದೊಂದೇ ಮುದುಕನ ಆಸೆ. ಕೇಸಿನ ವಾಯಿದೆಯೂ ಇವತ್ತೇ ಇತ್ತು. ಪಕ್ಕದ ಮನೆಯ ಚಲಪತಿಯೊಡನೆ ಹೊಸೂರಿಗೆ ಬಂದು ಕೋರ್ಟಿನ ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಚೀಟಿ ಅಂಟಿಸಿತ್ತು. ಮಕ್ಕಳ ಕೇಸುಗಳನ್ನು ತಡಮಾಡದೆ ಮುಗಿಸುವುದು ಹೇಗೆಂದು ಜಡ್ಜರಿಗೂ ವಕೀಲರಿಗೂ ಊರಿನ ದೊಡ್ಡ ಹೋಟೆಲಿನಲ್ಲಿ ತರಬೇತಿ. ಆದ್ದರಿಂದ ಎಲ್ಲ ಕೇಸುಗಳೂ ಮುಂದಿನ ತಿಂಗಳಿಗೆ.

ಮುತ್ತರಾಯಪ್ಪ ಅಲ್ಲೇ ಕುಸಿದು ಕೂತ. ಚಲಪತಿಯೋ, ಪರರ ಕಷ್ಟ ಕಂಡರೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬುವ ಆಸಾಮಿ.

"ಏಳಣ್ಣಾ! ತರಬೇತಿ ನಡೆಯೋ ಹೋಟ್ಲಿಗೇ ಹೋಗಾಣ. ಜಡ್ಜಿನ ಕಾಲಿಗೆ ಬೀಳು, ನಾ ಮಾತಾಡ್ತೀನಿ."

"ನೀ ಬಾಯಿ ಬಿಟ್ಟಾಗೆಲ್ಲ ನಂಗೆ ಕೆಟ್ಟದ್ದೇ ಆಗೈತೆ ಕಣ್ಲಾ."

"ಅದಕ್ಕೇ ಇವತ್ತು ತಮಿಳಲ್ಲಿ ಬಿಡ್ತೀನಿ."

ಹೋಟೆಲಿನ ಬಾಗಿಲಲ್ಲಿ ತರಬೇತಿ ನಡೆಸುವ ಅಮ್ಮ ಕಾದು ನಿಂತಿದ್ದಳು. "ತಾತಾ ನೀಂಗದಾನಾ?" ಎಂದಳು, ತಾತ ನೀವೇ ತಾನೇ ಎಂದು.

"ಆಮಾ, ಆಮಾ!" ಎಂದು ತಮಿಳಲ್ಲೇ ಹೂಂಗುಟ್ಟಿ ಚಲಪತಿ ಮುದುಕನನ್ನು ಒಳಕ್ಕೆ ನೂಕಿದ.

ಒಳಗೆ, ತಾತನೊಬ್ಬ ಮೊಮ್ಮಗುವನ್ನು ಕೇಳುವ ಕೇಸನ್ನು ನಾಟಕವಾಡಿ ಕಲಿಯುವ ಏರ್ಪಾಡು. ತಾತನ ಪಾರ್ಟಿನವನು ಇನ್ನೂ ಬಂದಿರಲಿಲ್ಲ. ಇದೊಂದೂ ಇವರಿಬ್ಬರಿಗೆ ತಿಳಿಯದು.

ಎದುರಿಗೆ ಕೂತಿದ್ದವರು ಮುತ್ತರಾಯಪ್ಪನ ಕೇಸಿನ ಜಡ್ಜೇ; ಕೋರ್ಟಿನ ಗದ್ದಲದಲ್ಲಿ ಇವನ ಮುಖ ಅವರಿಗೆ ನೆನಪಿರಲಿಲ್ಲ. "ಕೂತ್ಕೊಳಿ ತಾತಾ, ನಿಧಾನವಾಗಿ ಹೇಳಿ," ಎಂದರು. ವರ್ಷದಲ್ಲಿ ಒಬ್ಬರೂ ಆಡದ ಮಾತು. ಮುದುಕ ಎಲ್ಲವನ್ನೂ ಹೇಳಿದ. ಕರಿಕೋಟುಗಳೆಲ್ಲ ಕಣ್ಣೊರೆಸಿಕೊಂಡವು. "ಎಷ್ಟು ಸಹಜವಾಗಿ ಮಾಡ್ತಾನಪ್ಪ!" ಎಂದು ಯಾರೋ ಪಿಸುಗುಟ್ಟಿದರು.

ಮಗುವಿನ ಪಾರ್ಟು ದಪ್ಪ ಮೀಸೆಯ ವಕೀಲ ಮುನೀಂದ್ರನದು. ಅಳಿಯನ ಅಣ್ಣನ ಕಡೆಯಿಂದ ಏಳು ಸಲ ವಾಯಿದೆ ಕೇಳಿದವನು ಇವನೇ. ಮುದುಕನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಇಂದು ತಲೆಗೆ ಕೆಂಪು ಟೇಪು. ಪಾಠದಂತೆ ಜಡ್ಜು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, "ಪುಟ್ಟಾ, ಯಾರ ಜೊತೆ ಇರ್ತೀಯಾ?" ಎಂದರು.

ಮುನೀಂದ್ರ ಬೆರಳು ಚೀಪುತ್ತ, "ತಾತನ್ ಜೊತೆ," ಎಂದ.

"ಈ ಮಾತು ನಿಮ್ಮ ಬಾಯಲ್ಲಿ ಬರಕ್ಕೆ ಒಂದು ವರ್ಸ ಬೇಕಾಯ್ತಾ ವಕೀಲ್ರೇ?" ಎಂದು ಮುದುಕ ಗಳಗಳನೆ ಅತ್ತ.

ಮಗುವನ್ನು ಈಗಲೇ ತಾತನಿಗೆ ಒಪ್ಪಿಸಬೇಕೆಂದು ತೀರ್ಪಾಯಿತು. ಚಪ್ಪಾಳೆಯೋ ಚಪ್ಪಾಳೆ. ಮುತ್ತರಾಯಪ್ಪ ಕೈ ಚಾಚಿದ. "ಕಾಗ್ದ ಕೊಡಿ ಸಾಮಿ. ಕೃಷ್ಣಗಿರಿ ಬಸ್ಸು ಹಿಡೀಬೇಕು."

ಎಲ್ಲರೂ ನಕ್ಕರು. ಆ ಹೊತ್ತಿಗೆ ಬಿಳಿ ಗಡ್ಡ ಅಂಟಿಸಿಕೊಂಡ ಒಬ್ಬ ಹುಡುಗಪ್ರಾಯದವನು ಏದುತ್ತ ಬಂದ. "ಸಾರಿ ಮೇಡಂ, ಬಸ್ ಲೇಟು. ತಾತನ ಪಾರ್ಟು ಮುಗೀತಾ?"

ನಗು ನಿಂತಿತು. ಜಡ್ಜು ಕೇಸಿನ ನಂಬರು ಕೇಳಿದರು. ಚಲಪತಿ ಒಪ್ಪಿಸಿದ. ಅವರು ಒಳ್ಳೆಯ ಮನುಷ್ಯ, ಮುಖ ಬಿಳಿಚಿಕೊಂಡಿತು.

"ತಾತಾ, ಕೋರ್ಟಿನ ಹೊರಗೆ ನಿಮ್ಮೊಬ್ಬರ ಮಾತು ಕೇಳಿ ತೀರ್ಪೂ ಹೇಳಿಬಿಟ್ಟೆ. ಇನ್ನು ಈ ಕೇಸನ್ನು ನಾನು ಮುಟ್ಟೋ ಹಾಗಿಲ್ಲ. ಬೇರೆ ಜಡ್ಜು ಮೊದಲಿಂದ ಕೇಳಬೇಕು."

"ಅವ್ರು ಎಲ್ಲವ್ರೆ ಸಾಮಿ?"

"ಇನ್ನೂ ನೇಮಕ ಆಗಿಲ್ಲ."

ಮುನೀಂದ್ರ ಟೇಪು ಬಿಚ್ಚಿ ಜೇಬಿಗೆ ತುರುಕಿಕೊಂಡ.

ಬಸ್ ನಿಲ್ದಾಣದಲ್ಲಿ ಚಲಪತಿ ಕೆಲಮಂಗಲದ ಬಸ್ಸು ಹುಡುಕಲು ಹೋದ. ಮುತ್ತರಾಯಪ್ಪ ಬೆಟ್ಟದ ಮೇಲಿನ ಗುಡಿಯ ಕಡೆ ತಿರುಗಿ ಕೈಮುಗಿದ.

"ಚಂದ್ರಚೂಡೇಶ್ವರಾ, ನನ್ನ ನಾಗಲಕ್ಷ್ಮಿಗೆ ಶಾಂತಿ ಕೊಡಪ್ಪಾ. ನಾಳೆ ಬಂದು ಮಗು ಎಲ್ಲಿ ಅಂತ ಹುಡುಕ್ತಾಳೆ. ಒಳಗೆ ಮಲಗೈತೆ ಅಂತ ನೀನೇ ಹೇಳಿ, ಸಮಾಧಾನವಾಗಿ ಕಳಿಸ್ಬುಡು."